ಒಂದು ಪ್ರೇಮಹಾಸ್ಯ ಚಿತ್ರ, ಎರಡು ಮನಸ್ಸು: ‘ಇವಂಗ ಯಾರು ಹೆಣ್ಣ ಕೊಡ್ತಾರವಾ?’

ಪ್ರಶ್ನೆ: ನಾನು ಬಾಗಲಕೋಟೆಯ ನವನಗರದವಳು, ವಯಸ್ಸು 27, ಪದವಿಪೂರ್ವ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಎರಡು ತಿಂಗಳ ಹಿಂದೆ ನಿಶ್ಚಿತಾರ್ಥವಾಯಿತು. ಹುಡುಗ ಬೆಳಗಾವಿಯವರು. ತಮಗೆ ಎಲ್ಲಕ್ಕಿಂತ ಇಷ್ಟವಾದ ಸಿನಿಮಾ ಎಂದು ‘ಪಂಚ್-ಡ್ರಂಕ್ ಲವ್’ ನೋಡಲು ಹೇಳಿದರು. ‘ಸ್ವತಂತ್ರ ಸಿನಿಮಾ, ಕಾನ್ ಉತ್ಸವದಲ್ಲಿ ಪ್ರಶಸ್ತಿ ಬಂದದ್ದು, ಲವ್ ಸ್ಟೋರಿ, ನಗುವೂ ಇದೆ’ ಎಂದಿದ್ದರು. ನೋಡಿದೆ. ಕೆಲವು ಕಡೆ ಮನಸಾರೆ ನಕ್ಕೆ, ಕೊನೆಯಲ್ಲಿ ಕಣ್ಣು ತುಂಬಿ ಬಂತು. ಆದರೆ ಆ ನಾಯಕ ಸಿಟ್ಟು ಬಂದಾಗ ಗಾಜಿನ ಬಾಗಿಲು ಒಡೆಯುತ್ತಾನೆ, ಹೋಟೆಲಿನ ಶೌಚಾಲಯವನ್ನು ಪುಡಿ ಮಾಡುತ್ತಾನೆ, ಕೇಳಿದರೆ ಸುಳ್ಳು ಹೇಳುತ್ತಾನೆ. ಅಂಥವನನ್ನು ನಾಯಕಿ ಏನೂ ಕೇಳದೆ ಪ್ರೀತಿಸುತ್ತಾಳೆ. ಗಾಜು ಒಡೆಯುವ ಹೊತ್ತಿಗೆ ಸರಿಯಾಗಿ ನನ್ನ ಹಿಂದೆ ಬಂದು ನಿಂತಿದ್ದ ಅವ್ವ, ‘ಇವಂಗ ಯಾರು ಹೆಣ್ಣ ಕೊಡ್ತಾರವಾ?’ ಎಂದಳು. ನಿಜ ಹೇಳಬೇಕೆಂದರೆ ಅವನು ಗಾಜು ಒಡೆದಾಗ ನನಗೆ ಒಳಗೊಳಗೇ ಹಗುರವಾಯಿತು. ಹಾಗೆ ಹಗುರವಾದದ್ದೇ ಆಮೇಲೆ ಹೆದರಿಕೆ ಹುಟ್ಟಿಸಿತು. ಒಬ್ಬ ಗೆಳತಿ ‘ನಿನಗೆ ಅರ್ಥವಾಗಿಲ್ಲ, ಇನ್ನೊಮ್ಮೆ ನೋಡು’ ಎನ್ನುತ್ತಾಳೆ. ಇನ್ನೊಬ್ಬಳು ‘ಇಂಥ ಸಿನಿಮಾ ಮೆಚ್ಚುವ ಗಂಡಸಿನ ವಿಷಯದಲ್ಲಿ ಹುಷಾರು’ ಎನ್ನುತ್ತಾಳೆ. ಇಷ್ಟವಾಯಿತು ಎಂದರೆ ಆ ಸಿಟ್ಟನ್ನು ಒಪ್ಪಿದ ಹಾಗೆ ಆಗುತ್ತದೆಯೇ? ಅವರಿಗೆ ನಾನು ಏನು ಹೇಳಲಿ? ಇನ್ನೊಂದು ಸಣ್ಣ ಮಾತು: ಮಠದ ಭಜನೆಯಲ್ಲಿ ಪೇಟಿ (ಹಾರ್ಮೋನಿಯಂ) ಬಾರಿಸುವ ನಮ್ಮ ಅಪ್ಪ ಮೊದಲ ಹತ್ತು ನಿಮಿಷ ನೋಡಿ, ‘ಪೇಟಿ ಯಾರರ ರಸ್ತಾದಾಗ ಇಟ್ಟು ಹೋಗ್ತಾರೇನು?’ ಎಂದು ಕೇಳಿ ಎದ್ದುಹೋದರು. ಅದಕ್ಕೂ ಉತ್ತರವಿದ್ದರೆ ತಿಳಿಸಿ.

ಉತ್ತರ: ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಸಿನಿಮಾ ಹೇಗಿದೆ ಎಂಬುದು ಅದರಲ್ಲಿರುವ ಸಣ್ಣ ಪ್ರಶ್ನೆ. ಅದನ್ನು ಇಷ್ಟಪಟ್ಟ ನಾನು ಎಂಥವಳು, ಅದನ್ನು ಇಷ್ಟಪಟ್ಟ ಅವರು ಎಂಥವರು ಎಂಬ ಎರಡು ಪ್ರಶ್ನೆಗಳು ಅದರ ಬೆನ್ನಿಗೆ ಅಂಟಿಕೊಂಡಿರುವುದರಿಂದಲೇ ಅದು ನಿಮಗೆ ಇಷ್ಟು ಭಾರವಾಗಿದೆ. ನಾನು ಬೆಳಗಾವಿಯಲ್ಲಿ ಇಪ್ಪತ್ತು ವರ್ಷಗಳಿಂದ ಸಿನಿಮಾ ರಸಗ್ರಹಣದ ತರಗತಿ ನಡೆಸುತ್ತಿದ್ದೇನೆ, ಈ ಚಿತ್ರವನ್ನು ನಾಲ್ಕು ಬೇರೆ ಬೇರೆ ಗುಂಪುಗಳಿಗೆ ತೋರಿಸಿದ್ದೇನೆ. ನಾಲ್ಕು ಸಲವೂ ಕೋಣೆ ಇಬ್ಭಾಗವಾದದ್ದು ಒಂದೇ ಜಾಗದಲ್ಲಿ, ಆ ಹೋಟೆಲಿನ ಶೌಚಾಲಯದ ದೃಶ್ಯದಲ್ಲಿ. ಅರ್ಧ ಜನ ನಕ್ಕರು, ಅರ್ಧ ಜನ ಕುರ್ಚಿಯಲ್ಲಿ ಮೈ ಬಿಗಿಹಿಡಿದು ಕುಳಿತರು, ನಕ್ಕವರಲ್ಲೂ ಕೆಲವರು ನಡುವೆ ನಗು ನಿಲ್ಲಿಸಿ ಅಕ್ಕಪಕ್ಕ ನೋಡಿದರು. ನಿಮ್ಮ ಎರಡು ಮನಸ್ಸು ನಿಮ್ಮೊಬ್ಬರದೇ ಅಲ್ಲ ಎಂಬುದನ್ನು ಮೊದಲಿಗೇ ಹೇಳಿಬಿಡುತ್ತೇನೆ.

ಓದುಗರೆಲ್ಲರೂ ಈ ಚಿತ್ರ ನೋಡಿರಲಿಕ್ಕಿಲ್ಲವಾದ್ದರಿಂದ ಕಥೆಯನ್ನು ಚಿಕ್ಕದಾಗಿ ಹೇಳಬೇಕು. 2002ರಲ್ಲಿ ಬಂದ ಈ ಅಮೆರಿಕನ್ ಚಿತ್ರವನ್ನು ಬರೆದು ನಿರ್ದೇಶಿಸಿದವರು ಪಾಲ್ ಥಾಮಸ್ ಆಂಡರ್ಸನ್. ಅವಧಿ 95 ನಿಮಿಷ. ಬ್ಯಾರಿ ಈಗನ್ ಎಂಬ ಸಣ್ಣ ವ್ಯಾಪಾರಿಗೆ ಏಳು ಜನ ಅಕ್ಕತಂಗಿಯರು, ಲಾಸ್ ಏಂಜಲಿಸ್ ಕಡೆಯ ಒಂದು ಗೋದಾಮು, ಒಂದು ನೀಲಿ ಸೂಟು, ಹೇಳಿಕೊಳ್ಳಲಾಗದಷ್ಟು ಒಂಟಿತನ. ಒಂದು ಬೆಳಗಿನ ಜಾವ ಅವನ ಗೋದಾಮಿನ ಮುಂದಿನ ರಸ್ತೆಯಲ್ಲಿ ಯಾರೋ ಒಂದು ಸಣ್ಣ ಹಾರ್ಮೋನಿಯಂ ಇಳಿಸಿ ಹೊರಟುಹೋಗುತ್ತಾರೆ. ಅದೇ ಬೆಳಿಗ್ಗೆ ಲೀನಾ ಎಂಬಾಕೆ ಕಾರು ರಿಪೇರಿಯ ನೆಪದಲ್ಲಿ ಅಲ್ಲಿಗೆ ಬರುತ್ತಾಳೆ. ಒಂಟಿತನ ತಾಳಲಾರದೆ ಒಂದು ರಾತ್ರಿ ಅವನು ಹಣ ಕೊಟ್ಟು ಹೆಂಗಸರೊಡನೆ ಮಾತಾಡುವ ಫೋನ್ ಸೇವೆಗೆ ಕರೆ ಮಾಡುತ್ತಾನೆ. ಆ ದಂಧೆಯ ಹಿಂದಿರುವ ಯೂಟಾ ರಾಜ್ಯದ ಹಾಸಿಗೆ ಅಂಗಡಿಯವನೊಬ್ಬ ನಾಲ್ವರು ಅಣ್ಣತಮ್ಮಂದಿರನ್ನು ಛೂ ಬಿಟ್ಟು ಅವನಿಂದ ದುಡ್ಡು ಕೀಳಲು ನಿಲ್ಲುತ್ತಾನೆ. ಇದರ ನಡುವೆ ನಾಯಕ, ಪುಡ್ಡಿಂಗ್ ಎಂಬ ಸಿಹಿತಿನಿಸು ಕೊಂಡವರಿಗೆ ವಿಮಾನದ ಮೈಲಿ (ಉಚಿತ ವಿಮಾನ ಪ್ರಯಾಣಕ್ಕೆ ಬಳಸುವ ಅಂಕ) ಕೊಡುವ ಕಂಪನಿಯೊಂದರ ಯೋಜನೆಯಲ್ಲಿ ಲೆಕ್ಕದ ದೋಷ ಕಂಡುಹಿಡಿದು, ಗೋದಾಮಿನ ತುಂಬ ಪುಡ್ಡಿಂಗ್ ಒಟ್ಟುತ್ತಾನೆ. ಅರ್ಥಶಾಸ್ತ್ರ ಕಲಿಸುವ ನಿಮಗೆ ಈ ಭಾಗ ಹಿಡಿಸಿರಬೇಕು, ಮತ್ತು ಇದು ನಡೆದ ಸಂಗತಿ: 1999ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ಸಿವಿಲ್ ಇಂಜಿನಿಯರ್ ಸುಮಾರು 3,000 ಡಾಲರ್ ಕೊಟ್ಟು 12,150 ಪುಡ್ಡಿಂಗ್ ಕಪ್ಪುಗಳನ್ನು ಕೊಂಡು 12 ಲಕ್ಷಕ್ಕೂ ಹೆಚ್ಚು ಮೈಲಿ ಗಳಿಸಿದ್ದರು.

ಇನ್ನು ‘ಸ್ವತಂತ್ರ ಸಿನಿಮಾ’ ಮತ್ತು ‘ಕಾನ್ ಪ್ರಶಸ್ತಿ’ ಎಂಬ ಎರಡು ಮಾತುಗಳನ್ನು ಬದಿಗೆ ತೆಗೆದಿಡೋಣ, ಏಕೆಂದರೆ ಇವು ನೋಡುಗರ ಬಾಯಿ ಕಟ್ಟಿಹಾಕುವ ಮಾತುಗಳು. ಹಣದ ಲೆಕ್ಕದಲ್ಲಿ ಈ ಚಿತ್ರ ಸ್ವತಂತ್ರವೇ ಅಲ್ಲ. ಹಾಲಿವುಡ್ಡಿನ ದೊಡ್ಡ ಕಂಪನಿಗಳು ಸುಮಾರು 2.5 ಕೋಟಿ ಡಾಲರ್ ಹಾಕಿ ಮಾಡಿಸಿದ ಚಿತ್ರ ಇದು. ಹಣದಿಂದಲೇ ಸ್ವತಂತ್ರವಾದದ್ದು ಯಾವುದು ಎಂದು ನೋಡಬೇಕಾದರೆ ನಮ್ಮ ಕನ್ನಡದ ‘ಲೂಸಿಯಾ’ ಇದೆ. 2013ರಲ್ಲಿ ತೆರೆಕಂಡ ಆ ಚಿತ್ರಕ್ಕೆ ಪವನ್ ಕುಮಾರ್ ಅವರು ನಿರ್ಮಾಪಕರ ಬಾಗಿಲು ಬಿಟ್ಟು, ಅಂತರ್ಜಾಲದ ಮೂಲಕ ಸಾಮಾನ್ಯ ಜನರಿಂದಲೇ ಸುಮಾರು 50 ಲಕ್ಷ ರೂಪಾಯಿ ಕೂಡಿಸಿದ್ದರು. ‘ಪಂಚ್-ಡ್ರಂಕ್ ಲವ್’ ಸ್ವತಂತ್ರವಾಗಿರುವುದು ಅದರ ನಡಿಗೆಯಲ್ಲಿ: ವಿಚಿತ್ರ ನಾಯಕ, ಸಂಬಂಧವಿಲ್ಲದಂತೆ ಕಾಣುವ ಘಟನೆಗಳು, ಅನಿರೀಕ್ಷಿತ ಸಂಗೀತ. ಕಾನ್ ಉತ್ಸವದಲ್ಲಿ ಆಂಡರ್ಸನ್ ಅವರಿಗೆ ಅತ್ಯುತ್ತಮ ನಿರ್ದೇಶಕ ಪ್ರಶಸ್ತಿ ಬಂದದ್ದು ನಿಜ, ಕೊರಿಯಾದ ನಿರ್ದೇಶಕರೊಬ್ಬರ ಜೊತೆ ಹಂಚಿಕೊಂಡು ಬಂತು. ಅದು ಕಥೆ ಹೇಳಿದ ಕೈಚಳಕಕ್ಕೆ ಸಂದ ಮನ್ನಣೆ. ನಾಯಕನ ನಡತೆಗೆ ಕೊಟ್ಟ ಪ್ರಮಾಣಪತ್ರವಲ್ಲ, ಮೆಚ್ಚಲೇಬೇಕೆಂದು ನಿಮಗೆ ಹೊರಡಿಸಿದ ಅಪ್ಪಣೆಯೂ ಅಲ್ಲ. ಚಿತ್ರ ತನ್ನ ಖರ್ಚಿಗೆ ಮೀರಿದ ಗಳಿಕೆಯನ್ನೇನೂ ಆಗ ಮಾಡಲಿಲ್ಲ, ಅಂದರೆ ಅದು ಹುಟ್ಟಿದ ನೆಲದಲ್ಲೂ ಜನ ನಿಮ್ಮಂತೆಯೇ ಹಿಂದೆಮುಂದೆ ನೋಡಿದ್ದರು.

ನೀವು ನಂಬಿಕೊಂಡಂತೆ ಕಾಣುವ ಇನ್ನೊಂದು ಮಾತು, ಪ್ರೇಮಹಾಸ್ಯವೆಂದರೆ ಹಗುರವಾಗಿರಬೇಕು, ಅದು ಹೆದರಿಸಿದರೆ ಎಲ್ಲೋ ತಪ್ಪಿದೆ ಎಂಬುದು. ಇದನ್ನು ಬಿಡಿಸಲು ನಮ್ಮದೇ ಹಳೆಯ ಶಾಸ್ತ್ರ ಸಾಕು. ನಾಟ್ಯಶಾಸ್ತ್ರದ ಆರನೇ ಅಧ್ಯಾಯದಲ್ಲಿ ‘ಶೃಂಗಾರಾದ್ಧಿ ಭವೇದ್ಧಾಸ್ಯೋ ರೌದ್ರಾಚ್ಚ ಕರುಣೋ ರಸಃ’ ಎಂಬ ಸಾಲು ಬರುತ್ತದೆ: ಶೃಂಗಾರದಿಂದ ಹಾಸ್ಯ ಹುಟ್ಟುತ್ತದೆ, ರೌದ್ರದಿಂದ ಕರುಣ ಹುಟ್ಟುತ್ತದೆ. ನಾವು ನೋಡುವ ಸಾಮಾನ್ಯ ಪ್ರೇಮಹಾಸ್ಯ ಚಿತ್ರಗಳು ಈ ಸಾಲಿನ ಮೊದಲ ಅರ್ಧವನ್ನು ಮಾತ್ರ ಬಳಸಿಕೊಳ್ಳುತ್ತವೆ. ಆಂಡರ್ಸನ್ ಅವರ ಚಿತ್ರ ಇಡೀ ಸಾಲನ್ನು ಒಬ್ಬನೇ ಮನುಷ್ಯನ ಮೈಯೊಳಗೆ ತುಂಬಿದೆ. ಅವನ ಪ್ರೀತಿಯ ಪೇಚಾಟ ನಗಿಸುತ್ತದೆ. ಅವನ ಸಿಟ್ಟು ಅಡಗಿದ ಮರುಕ್ಷಣ ಅವನ ಮೇಲೆ ಮರುಕ ಹುಟ್ಟುತ್ತದೆ. ತೊಡಕು ಇರುವುದು ಇಲ್ಲಿಯೇ. ಶೃಂಗಾರಕ್ಕೆ ರೌದ್ರ ವಿರೋಧಿ ಎಂದು ಕಾವ್ಯಶಾಸ್ತ್ರ ಬರೆದ ಕೆಲವು ಆಲಂಕಾರಿಕರು ಹೇಳುತ್ತಾರೆ. ವಿರೋಧಿ ರಸಗಳನ್ನು ಒಂದೇ ಕೃತಿಯಲ್ಲಿ ತರುವ ಕವಿ ಏನು ಮಾಡಬೇಕೆಂದು 9ನೇ ಶತಮಾನದ ಆನಂದವರ್ಧನ ಧ್ವನ್ಯಾಲೋಕವೆಂಬ ಕಾವ್ಯಶಾಸ್ತ್ರ ಗ್ರಂಥದಲ್ಲಿ ವಿವರವಾಗಿ ಚರ್ಚಿಸಿದ್ದಾನೆ: ಒಂದನ್ನು ಇನ್ನೊಂದಕ್ಕೆ ಅಂಗವಾಗಿಸಬೇಕು, ಇಲ್ಲವೇ ಎರಡನ್ನೂ ಬೇರೆ ಬೇರೆ ವ್ಯಕ್ತಿಗಳಲ್ಲಿ ಇಡಬೇಕು, ಇಲ್ಲವೇ ನಡುವೆ ಮೂರನೆಯ ರಸವೊಂದನ್ನು ತಂದು ಅಂತರ ಕೊಡಬೇಕು. ನಮ್ಮ ಸಿನಿಮಾಗಳು ಅರಿತೋ ಅರಿಯದೆಯೋ ಇದನ್ನು ಪಾಲಿಸುತ್ತ ಬಂದಿವೆ. ನಾಯಕನ ಶೃಂಗಾರ ನಾಯಕಿಯ ಕಡೆಗೆ, ಅವನ ಕೋಪ ಖಳನ ಕಡೆಗೆ. ಹಾಗಾಗಿ ನಮಗೆ ಗೊಂದಲವಿಲ್ಲ. ಇಲ್ಲಿ ನಾಯಕಿಯೊಡನೆ ಊಟಕ್ಕೆ ಕುಳಿತವನೇ ಎದ್ದುಹೋಗಿ ಗೋಡೆಗೆ ಗುದ್ದುತ್ತಾನೆ, ಬಾಗಿಲು ಕೀಳುತ್ತಾನೆ, ಬಂದು ಮತ್ತೆ ಅದೇ ಕುರ್ಚಿಯಲ್ಲಿ ಕೂರುತ್ತಾನೆ. ನಡುವೆ ಅಂತರವೇ ಇಲ್ಲ.

ನಾನು ಬಾದಾಮಿ ಕಡೆಯವನು. ಬನದ ಹುಣ್ಣಿಮೆಗೆ ಆರಂಭವಾಗುವ ಬನಶಂಕರಿ ಜಾತ್ರೆಯಲ್ಲಿ ನಾಟಕ ಕಂಪನಿಗಳ ಡೇರೆಗಳು ಸಾಲಾಗಿ ನಿಲ್ಲುವುದನ್ನು ನೀವೂ ನೋಡಿರುತ್ತೀರಿ. ಚಿಕ್ಕವನಿದ್ದಾಗ ಆ ಡೇರೆಗಳಲ್ಲಿ ಕಲಿತದ್ದೇ ನನ್ನ ಮೊದಲ ರಸಗ್ರಹಣ. ಮಗಳನ್ನು ಕಳೆದುಕೊಂಡ ತಾಯಿಯ ಅಳು ಮುಗಿಯುತ್ತಿದ್ದಂತೆ ಪೇಟಿ ಮಾಸ್ತರ ಕಾಲುಪೇಟಿಯ ಮೇಲೆ ಸಪ್ಪಳ ಬದಲಿಸುತ್ತಿದ್ದ, ಆ ದನಿ ಕೇಳಿದ ಕೂಡಲೇ ಇಡೀ ಡೇರೆಗೆ ಹಾಸ್ಯದವನು ಬರುತ್ತಾನೆಂದು ಗೊತ್ತಾಗುತ್ತಿತ್ತು. ಈಗ ಅಳಬೇಕು, ಈಗ ನಗಬೇಕು ಎಂದು ಕೈ ಹಿಡಿದು ನಡೆಸುವ ಒಂದು ದನಿ ಇರುತ್ತಿತ್ತು. ‘ಪಂಚ್-ಡ್ರಂಕ್ ಲವ್’ ನಿಮಗೆ ಆ ದನಿಯನ್ನು ಕೊಡುವುದಿಲ್ಲ. ಜಾನ್ ಬ್ರಯನ್ ಅವರ ಸಂಗೀತ ನಗುವ ಜಾಗದಲ್ಲಿ ಎದೆ ಬಡಿಸುತ್ತದೆ, ಹೆದರುವ ಜಾಗದಲ್ಲಿ ವಾಲ್ಟ್ಸ್ ಎಂಬ ಪಾಶ್ಚಾತ್ಯ ಜೋಡಿನೃತ್ಯದ ಲಯದಲ್ಲಿ ತೂಗುತ್ತದೆ. ಹೀಗಾಗಿ ಎಲ್ಲಿ ನಗಬೇಕೆಂದು ನೀವೇ ತೀರ್ಮಾನಿಸಬೇಕಾಗುತ್ತದೆ, ತೀರ್ಮಾನಿಸಿದ ಮೇಲೆ ಆ ನಗುವಿಗೆ ನೀವೇ ಹೊಣೆಯಾಗುತ್ತೀರಿ. ನಿಮ್ಮ ಕಸಿವಿಸಿಯ ಒಂದು ಬೇರು ಇಲ್ಲಿದೆ.

ಗಾಜು ಒಡೆದಾಗ ಹಗುರವಾಯಿತು ಎಂದು ನೀವು ಬರೆದಿದ್ದೀರಿ. ಇದನ್ನು ಬಾಯಿಬಿಟ್ಟು ಹೇಳುವ ಪ್ರಾಮಾಣಿಕತೆ ನನ್ನ ತರಗತಿಗಳಲ್ಲಿ ಕಡಿಮೆ ಜನರಿಗೆ ಇತ್ತು, ಆದ್ದರಿಂದ ಇದಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡುತ್ತೇನೆ. ಲ್ಯಾಪ್‌ಟಾಪಿನ ಪರದೆಯನ್ನು ಗೋಡೆಗೆ ತಿರುಗಿಸಿ, ಮೊದಲ ಅರ್ಧ ಗಂಟೆಯನ್ನು ಬರೀ ಕಿವಿಯಿಂದ ಕೇಳಿ ನೋಡಿ. ಫೋನು ಮತ್ತೆ ಮತ್ತೆ ಬಡಿದುಕೊಳ್ಳುತ್ತದೆ. ಒಬ್ಬ ಅಕ್ಕ ಇಟ್ಟರೆ ಇನ್ನೊಬ್ಬಳು, ಎಲ್ಲರದೂ ಒಂದೇ ಪ್ರಶ್ನೆ, ಪಾರ್ಟಿಗೆ ಬರುತ್ತೀಯೋ ಇಲ್ಲವೋ. ಗೋದಾಮಿನಲ್ಲಿ ಸಾಮಾನು ಬೀಳುತ್ತದೆ, ಹಿಂದೆ ತಾಳವಾದ್ಯಗಳು ಒಂದರ ಮೇಲೊಂದು ಹತ್ತಿ ಕುಣಿಯುತ್ತವೆ, ಅದರ ನಡುವೆ ಅವನು ನಗುಮುಖದಿಂದ ಗಿರಾಕಿಗಳೊಡನೆ ಮಾತಾಡಬೇಕು. ಆಮೇಲೆ ಆ ಹುಟ್ಟುಹಬ್ಬದ ಮನೆ. ಚಿಕ್ಕಂದಿನಲ್ಲಿ ಅವನನ್ನು ಹೀಯಾಳಿಸಿ ರೇಗಿಸಿದ್ದು, ಅವನು ತಾಳಲಾರದೆ ಗಾಜಿನ ಬಾಗಿಲಿಗೆ ಸುತ್ತಿಗೆ ಎಸೆದದ್ದು, ಆ ಕಥೆಯನ್ನು ಅಕ್ಕತಂಗಿಯರು ಎಲ್ಲರ ಮುಂದೆ ಹೇಳಿ ನಗುತ್ತಾರೆ. ಅವನೂ ನಗುವಂತೆ ಮುಖ ಮಾಡುತ್ತಾನೆ. ಅವನ ಮೈಯಲ್ಲಿ ಎಷ್ಟು ಒತ್ತಡ ತುಂಬಿದೆಯೋ ಅಷ್ಟನ್ನೂ ನಿರ್ದೇಶಕರು ಸದ್ದಿನ ಮೂಲಕ ನಿಮ್ಮ ಮೈಗೂ ತುಂಬಿದ್ದಾರೆ. ಹಾಗಿರುವಾಗ ಗಾಜು ಒಡೆದರೆ ನಿಮ್ಮ ಉಸಿರು ಸಡಿಲವಾಗದೆ ಇನ್ನೇನಾಗುತ್ತದೆ? ಅದು ನಿಮ್ಮ ದೇಹ ಕೊಟ್ಟ ಉತ್ತರ, ನಿಮ್ಮ ವಿವೇಕ ಕೊಟ್ಟ ತೀರ್ಪಲ್ಲ. ವಿವೇಕದ ತೀರ್ಪು ಆಮೇಲೆ ಬಂತು, ಹೆದರಿಕೆಯ ರೂಪದಲ್ಲಿ, ಮತ್ತು ಬರಬೇಕಾದ ಹೊತ್ತಿಗೇ ಬಂತು. ಎರಡೂ ನಿಮ್ಮವೇ, ಒಂದು ಸುಳ್ಳು, ಒಂದು ನಿಜ ಎಂದು ಆರಿಸಿಕೊಳ್ಳುವ ಅಗತ್ಯವಿಲ್ಲ.

ಈ ನಾಯಕನ ಪಾತ್ರಕ್ಕೆ ಆಡಂ ಸ್ಯಾಂಡ್ಲರ್ ಅವರನ್ನು ಆರಿಸಿದ್ದರ ಮರ್ಮವೂ ಇಲ್ಲೇ ಇದೆ. 1990ರ ದಶಕದಲ್ಲಿ ಅವರು ಹೆಸರು ಮಾಡಿದ್ದೇ, ಸಿಟ್ಟು ನೆತ್ತಿಗೇರಿ ಕೂಗಾಡುವ, ಕೈ ಮಾಡುವ ಪೆದ್ದನ ಪಾತ್ರಗಳಿಂದ. ಆ ಚಿತ್ರಗಳಲ್ಲಿ ಅದೇ ಸಿಟ್ಟಿಗೆ ಜನ ಹೊಟ್ಟೆ ಹಿಡಿದು ನಕ್ಕಿದ್ದರು. ಆಂಡರ್ಸನ್ ಆ ಸಿಟ್ಟನ್ನು ಎತ್ತಿಕೊಂಡು, ಇದು ನಿಜವಾಗಿ ಒಬ್ಬ ಮನುಷ್ಯನೊಳಗೆ ಇದ್ದರೆ ಅವನ ಬದುಕು ಹೇಗಿರುತ್ತದೆ ಎಂದು ಕೇಳಿದರು. ಗಾಜು ಒಡೆದ ಮೇಲೆ ಬರುವ ಚಿಕ್ಕ ದೃಶ್ಯವನ್ನು ನೆನಪಿಸಿಕೊಳ್ಳಿ. ಅವನು ಭಾವನನ್ನು ಪಕ್ಕಕ್ಕೆ ಕರೆದು, ನನಗೆ ಕೆಲವೊಮ್ಮೆ ನಾನೇ ಹಿಡಿಸುವುದಿಲ್ಲ, ನೀನು ವೈದ್ಯನಲ್ಲವೇ, ಏನಾದರೂ ಸಹಾಯ ಮಾಡು ಎಂದು ಬೇಡುತ್ತಾನೆ. ಆ ಭಾವ ಹಲ್ಲಿನ ಡಾಕ್ಟರು. ನನ್ನ ತರಗತಿಯಲ್ಲಿ ಇಲ್ಲಿ ಎಲ್ಲರೂ ನಗುತ್ತಾರೆ. ನಂತರ ಅವನು, ಕಾರಣವಿಲ್ಲದೆ ಬಹಳ ಅಳು ಬರುತ್ತದೆ ಎಂದು ಹೇಳಿ, ಅಲ್ಲೇ ಅತ್ತುಬಿಡುತ್ತಾನೆ, ನಗು ಗಂಟಲಲ್ಲೇ ನಿಲ್ಲುತ್ತದೆ. ಯಾರನ್ನು ಕೇಳಬೇಕೆಂದು ತಿಳಿಯದೆ ಕೈಗೆ ಸಿಕ್ಕವರನ್ನು ಕೇಳುವುದು ನಮ್ಮ ಕಡೆಯೂ ಇದ್ದದ್ದೇ. ‘ಧಾರವಾಡಕ್ಕ ಕಳಸಬೇಕು’ ಎಂಬುದನ್ನು ನಾವು ಇಂದಿಗೂ ಬೈಗುಳದಂತೆ ಬಳಸುತ್ತೇವೆಯಾದ್ದರಿಂದ, ನಿಜವಾಗಿ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆಗೆ ಹೋಗಿ ತೋರಿಸಿಕೊಳ್ಳಬೇಕಾದವರು ಹೋಗದೆ ಉಳಿಯುತ್ತಾರೆ.

ಹಾಗಾದರೆ ಚಿತ್ರ ಆ ಸಿಟ್ಟನ್ನು ಒಪ್ಪುತ್ತದೆಯೇ? ನಾಯಕನಿಗೆ ಕೊನೆಯಲ್ಲಿ ನಾಯಕಿ ಸಿಕ್ಕಳೆಂದ ಮಾತ್ರಕ್ಕೆ ಅವನು ಮಾಡಿದ್ದೆಲ್ಲವನ್ನೂ ಚಿತ್ರ ಒಪ್ಪಿತು ಎಂದು ತೀರ್ಮಾನಿಸುವುದು ಅವಸರವಾಗುತ್ತದೆ. ಸಿಟ್ಟು ಎತ್ತ ತಿರುಗುತ್ತದೆ ಎಂದು ಗಮನಿಸಿ. ಮೊದಲು ಗಾಜಿನ ಮೇಲೆ, ಆಮೇಲೆ ಶೌಚಾಲಯದ ಮೇಲೆ. ಎರಡೂ ಕಡೆ ತಪ್ಪು ಮಾಡಿದವರು ಬೇರೆ, ಪೆಟ್ಟು ತಿಂದದ್ದು ಬೇರೆ. ಹೋಟೆಲಿನ ಮ್ಯಾನೇಜರು ಕೈಯಲ್ಲಿ ರಕ್ತ ಬರುತ್ತಿದೆಯಲ್ಲ ಎಂದರೆ, ಚಾಕು ತಗುಲಿತು ಎಂದು ಸುಳ್ಳು ಹೇಳುತ್ತಾನೆ. ಆ ನಾಲ್ವರು ಲೀನಾ ಇದ್ದ ಕಾರಿಗೆ ಗುದ್ದಿ ಆಕೆಗೆ ಗಾಯವಾದಾಗ ಮೊದಲ ಬಾರಿ ಅವನ ಸಿಟ್ಟು ಸರಿಯಾದ ವಿಳಾಸಕ್ಕೆ ಹೋಗುತ್ತದೆ, ಅವರನ್ನು ಕಬ್ಬಿಣದ ಸಲಾಕೆಯಿಂದ ಹೊಡೆದು ಬೀಳಿಸುತ್ತಾನೆ. ಕೊನೆಗೆ ಯೂಟಾದ ಅಂಗಡಿಯಲ್ಲಿ ಫಿಲಿಪ್ ಸೀಮೋರ್ ಹಾಫ್‌ಮನ್ ಅಭಿನಯಿಸಿದ ಆ ಖಳನ ಎದುರು ನಿಂತಾಗ ಅವನು ಕೈ ಎತ್ತುವುದೇ ಇಲ್ಲ. ನನ್ನ ಬದುಕಿನಲ್ಲಿ ಪ್ರೀತಿ ಬಂದಿದೆ, ಅದು ನನಗೆ ನೀನು ಊಹಿಸಲಾರದಷ್ಟು ಬಲ ಕೊಟ್ಟಿದೆ, ಇದನ್ನು ಇಲ್ಲಿಗೇ ಮುಗಿಸು ಎಂಬ ಅರ್ಥದ ಮಾತಾಡಿ, ಮಾತಿನಿಂದಲೇ ಮುಗಿಸಿ ಬರುತ್ತಾನೆ. ಒಡೆಯುವುದರಿಂದ ಮಾತಿನವರೆಗೆ ಬಂದ ಈ ದಾರಿಯನ್ನು ನಾನು ಚಿತ್ರದ ಬಹಳ ದೊಡ್ಡ ಗುಣವೆಂದು ಎಣಿಸುತ್ತೇನೆ.

ನೀವು ಪತ್ರದಲ್ಲಿ ಬರೆಯದಿದ್ದರೂ ನಿಮ್ಮನ್ನು ಕಾಡಿರಬಹುದಾದ ಇನ್ನೊಂದು ದೃಶ್ಯ ಹವಾಯಿ ದ್ವೀಪದ್ದು. ಹತ್ತಿರ ಮಲಗಿ, ನಿನ್ನ ಮುಖ ಎಷ್ಟು ಚೆಂದವಿದೆಯೆಂದರೆ ಸುತ್ತಿಗೆಯಿಂದ ಜಜ್ಜಿಬಿಡಬೇಕೆನಿಸುತ್ತದೆ ಎಂಬರ್ಥದ ಮಾತನ್ನು ಅವನು ಹೇಳುತ್ತಾನೆ; ಅವಳು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ನಿನ್ನ ಕಣ್ಣು ಕಿತ್ತು ತಿನ್ನಬೇಕೆನಿಸುತ್ತದೆ ಎನ್ನುತ್ತಾಳೆ. ಕೂಸಿನ ಗಲ್ಲ ಹಿಂಡಿ ‘ತಿಂದ ಬಿಡ್ಲೇನ ನಿನ್ನ?’ ಎನ್ನುವ ನಮ್ಮ ಅಜ್ಜಿಯರ ಮಾತಿನ ಜಾತಿಗೆ ಇದು ಸೇರಿದ್ದು, ಇಬ್ಬರೂ ಪಿಸುದನಿಯಲ್ಲಿ, ಸರಿಸಮನಾಗಿ ಆಡಿದ್ದು. ಆದರೂ ಸುತ್ತಿಗೆ ಎಂಬ ಶಬ್ದ ಆ ಬಾಲ್ಯದ ಸುತ್ತಿಗೆಯನ್ನು ನೆನಪಿಗೆ ತರದೆ ಇರುವುದಿಲ್ಲ. ಇಲ್ಲಿ ನಿಮಗೆ ಮೈ ಜುಮ್ಮೆಂದಿದ್ದರೆ ಅದು ದೃಶ್ಯವನ್ನು ತಪ್ಪಾಗಿ ಓದಿದ್ದಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಈ ಚಿತ್ರದ ಬಗ್ಗೆ ನನಗೊಂದು ತಕರಾರು ಇದೆ, ಅದು ಇಪ್ಪತ್ತು ವರ್ಷಗಳಲ್ಲಿ ಕಡಿಮೆಯಾಗಿಲ್ಲ. ಅದು ಲೀನಾಳ ವಿಷಯ. ಅವಳೇ ಅವನನ್ನು ಆರಿಸಿಕೊಂಡವಳು; ಅಕ್ಕನ ಬಳಿ ಅವನ ಫೋಟೋ ನೋಡಿ, ಭೇಟಿಯಾಗಬೇಕೆಂದೇ ಕಾರಿನ ನೆಪ ಮಾಡಿಕೊಂಡು ಬಂದವಳು. ಇದು ಸೊಗಸಾದ ತಿರುವು, ಎಮಿಲಿ ವಾಟ್ಸನ್ ಅದನ್ನು ಬಹಳ ಮೃದುವಾಗಿ ಅಭಿನಯಿಸಿದ್ದಾರೆ. ಆದರೆ ಏಕೆ ಆರಿಸಿಕೊಂಡಳು ಎಂಬುದನ್ನು ಚಿತ್ರ ಹೇಳುವುದಿಲ್ಲ. ಬ್ಯಾರಿಯ ಬಾಲ್ಯ, ಅಂಗಡಿ, ಲೆಕ್ಕಾಚಾರ, ಅಳು, ಎಲ್ಲವೂ ನಮಗೆ ಗೊತ್ತು. ಲೀನಾ ರಾತ್ರಿ ಒಬ್ಬಳೇ ಇದ್ದಾಗ ಏನು ಯೋಚಿಸುತ್ತ ಕೂರುತ್ತಾಳೆ ಎಂಬುದು ಒಂದು ಕ್ಷಣಕ್ಕೂ ಗೊತ್ತಾಗುವುದಿಲ್ಲ. ಅವಳು ತಾನಾಗಿ ಒಂದು ಗೆರೆ ಎಳೆಯುವುದು ಒಮ್ಮೆ ಮಾತ್ರ, ಕೊನೆಯಲ್ಲಿ: ನೀನು ನನ್ನನ್ನು ಆಸ್ಪತ್ರೆಯಲ್ಲಿ ಬಿಟ್ಟು ಹೋದೆ, ಹಾಗೆ ಮಾಡಬಾರದು ಎನ್ನುತ್ತಾಳೆ. ಅವನು ಫೋನ್ ಸೇವೆಯ ವಿಷಯದಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಂಡು, ಆರರಿಂದ ಎಂಟು ವಾರ ಕೊಟ್ಟರೆ ಮೈಲಿಗಳು ಕೈಗೆ ಬರುತ್ತವೆ, ಆಮೇಲೆ ನೀನು ಎಲ್ಲಿಗೆ ಹೋದರೂ ಜೊತೆಗೆ ಬರುತ್ತೇನೆ ಎನ್ನುತ್ತಾನೆ. ಆ ಮಾತಿಗೆ ನನಗೂ ಕಣ್ಣು ತುಂಬುತ್ತದೆ. ಆದರೆ ಆ ಒಡೆದ ಶೌಚಾಲಯದ ಬಗ್ಗೆ ಅವಳು ಒಂದು ಮಾತನ್ನಾದರೂ ಕೇಳಬೇಕಿತ್ತು. ‘ಏನೂ ಕೇಳದೆ ಪ್ರೀತಿಸುತ್ತಾಳೆ’ ಎಂದು ನೀವು ಬರೆದ ಸಾಲು ವಿಮರ್ಶೆಯಾಗಿ ಸರಿಯಾದದ್ದು, ಅದನ್ನು ಯಾರ ಒತ್ತಾಯಕ್ಕೂ ಬಿಟ್ಟುಕೊಡಬೇಡಿ.

ನಮ್ಮಲ್ಲೇ ಇದಕ್ಕೆ ಹತ್ತಿರದ ಒಂದು ಉದಾಹರಣೆ 2017ರಲ್ಲಿ ರಾಜ್ ಬಿ. ಶೆಟ್ಟಿ ಅವರು ಬರೆದು, ನಿರ್ದೇಶಿಸಿ, ತಾವೇ ಅಭಿನಯಿಸಿದ ‘ಒಂದು ಮೊಟ್ಟೆಯ ಕಥೆ’. ತಲೆಗೂದಲಿಲ್ಲದ್ದಕ್ಕೆ ಎಲ್ಲರ ನಗೆಪಾಟಲಿಗೆ ಈಡಾಗುವ ಮಂಗಳೂರಿನ ಕನ್ನಡ ಉಪನ್ಯಾಸಕ, ದಪ್ಪವಿರುವ ಹುಡುಗಿ ಎದುರಾದಾಗ ತಾನೇ ಹಿಂದೆ ಸರಿಯುತ್ತಾನೆ. ಅಲ್ಲಿಯೂ ನಾಯಕನ ಮೇಲೆ ಮರುಕ, ಸಿಟ್ಟು ಎರಡೂ ಒಟ್ಟಿಗೆ ಬರುತ್ತವೆ. ಆದರೆ ಅಲ್ಲಿ ನಾಯಕನ ತಪ್ಪು ಅವನ ಕಣ್ಣಿಗೂ ಬೀಳುವಂತೆ ಕಥೆಯನ್ನು ಹೆಣೆಯಲಾಗಿದೆ, ಆದ್ದರಿಂದ ನಮ್ಮ ಎರಡು ಮನಸ್ಸು ಚಿತ್ರ ಮುಗಿಯುವ ಹೊತ್ತಿಗೆ ಬಹುಮಟ್ಟಿಗೆ ಒಂದಾಗುತ್ತದೆ. ಆಂಡರ್ಸನ್ ಅದನ್ನು ಒಂದಾಗಿಸದೆ ಬಿಟ್ಟಿದ್ದಾರೆ.

ಈಗ ನಿಮ್ಮ ಹುಡುಗನ ಮಾತು. ಮೆಚ್ಚಿದ ಸಿನಿಮಾದಿಂದ ಮನುಷ್ಯನ ಗುಣ ಅಳೆಯಬಹುದೆಂದು ನಾನು ಒಪ್ಪುವುದಿಲ್ಲ. ಈ ಚಿತ್ರವನ್ನು ಅತಿಯಾಗಿ ಮೆಚ್ಚಿದ ವಿದ್ಯಾರ್ಥಿಗಳಲ್ಲಿ ಬಹಳಷ್ಟು ಜನ ಮಾತಾಡಲು ನಾಚುವವರು, ಅಕ್ಕತಂಗಿಯರ ಗದ್ದಲದ ಮನೆಯಲ್ಲಿ ಬೆಳೆದವರು, ತಮ್ಮಂಥವನನ್ನೂ ಯಾರೋ ಆರಿಸಿಕೊಳ್ಳಬಹುದು ಎಂಬ ಸಮಾಧಾನಕ್ಕೆ ಮೆಚ್ಚಿದವರು. ಸಿಟ್ಟಿನ ದೃಶ್ಯಗಳನ್ನು ಮಾತ್ರ ಮತ್ತೆ ಮತ್ತೆ ಹಾಕಿ ನೋಡುತ್ತಿದ್ದ ಒಬ್ಬನನ್ನೂ ಕಂಡಿದ್ದೇನೆ. ಆದ್ದರಿಂದ ಕೇಳಬೇಕಾದ ಪ್ರಶ್ನೆ, ನಿಮಗೆ ಇದರಲ್ಲಿ ಯಾವ ದೃಶ್ಯ ಇಷ್ಟ, ಲೀನಾ ಜಾಗದಲ್ಲಿ ನಿಮ್ಮ ತಂಗಿ ಇದ್ದಿದ್ದರೆ ಆ ಹೋಟೆಲಿನಿಂದ ಹೊರಬಂದ ಮೇಲೆ ಅವಳಿಗೆ ಏನು ಹೇಳುತ್ತಿದ್ದಿರಿ ಎಂಬುದು. ಇದನ್ನು ಮೊಬೈಲಿನ ಸಂದೇಶದಲ್ಲಿ ಕೇಳಬೇಡಿ, ಎದುರು ಕುಳಿತು ಕೇಳಿ. ದನಿ ಕೇಳಿಸದ ಉತ್ತರದಿಂದ ಪ್ರಯೋಜನ ಕಡಿಮೆ. ಇದರಲ್ಲಿ ಒಂದು ಅಪಾಯವೂ ಇದೆ: ಪರೀಕ್ಷೆ ಮಾಡುತ್ತಿದ್ದೀರಿ ಎನಿಸಿದರೆ ಅವರು ನಿಮಗೆ ಬೇಕಾದ ಉತ್ತರ ಕೊಟ್ಟುಬಿಡುತ್ತಾರೆ. ಅದಕ್ಕೆ ಮೊದಲು ನಿಮ್ಮ ಮಾತನ್ನೇ ಇಟ್ಟುಬಿಡಿ. ಗಾಜು ಒಡೆದಾಗ ನನಗೆ ಹಗುರವಾಯಿತು, ಆಮೇಲೆ ಹೆದರಿಕೆಯಾಯಿತು ಎಂದು ನನಗೆ ಬರೆದ ಹಾಗೆಯೇ ಅವರಿಗೂ ಹೇಳಿ. ನಿಮ್ಮ ಹೆದರಿಕೆಯನ್ನು ಅವರು ಹೇಗೆ ಕೇಳಿಸಿಕೊಳ್ಳುತ್ತಾರೆ ಎಂಬುದರಲ್ಲಿ ನಿಮಗೆ ಬೇಕಾದ ಉತ್ತರದ ಬಹುಪಾಲು ಸಿಗುತ್ತದೆ.

ಏನೂ ಕೇಳದೆ ‘ಚೆನ್ನಾಗಿತ್ತು’ ಎಂದು ಮುಗಿಸುವ ದಾರಿಯೂ ಇದೆ. ಸುಲಭ, ಆದರೆ ಮುಂದೆ ಅವರು ನಿಮಗೆ ತೋರಿಸುವ ಪ್ರತಿಯೊಂದಕ್ಕೂ ಚೆನ್ನಾಗಿತ್ತು ಎನ್ನುವುದು ರೂಢಿಯಾಗಿಬಿಡುತ್ತದೆ. ಗೆಳತಿ ಹೇಳಿದಂತೆ ಇನ್ನೊಮ್ಮೆ ನೋಡುವುದರಲ್ಲಿ ಲಾಭವಿದೆ, ನಷ್ಟವೂ ಇದೆ. ಎರಡನೇ ಸಲ ಬಣ್ಣ, ಬೆಳಕು, ಸಂಗೀತ ಕಣ್ಣಿಗೆ ಬೀಳುತ್ತವೆ; ಅವನ ನೀಲಿ ಸೂಟಿನ ಪಕ್ಕದಲ್ಲಿ ಅವಳ ಕೆಂಪು ಉಡುಪು ಎಷ್ಟು ಎಣಿಸಿ ಇಟ್ಟದ್ದು ಎಂದು ತಿಳಿಯುತ್ತದೆ. ಮೂರನೇ ಸಲಕ್ಕೆ ಕುಶಲತೆಯ ಮೇಲಿನ ಮೆಚ್ಚುಗೆ ಮೊದಲ ಸಲದ ಹೆದರಿಕೆಯನ್ನು ಒರೆಸಿಹಾಕುತ್ತದೆ. ಇದು ನನಗೇ ಆಗಿದೆ, ಆದ್ದರಿಂದಲೇ ತರಗತಿಯಲ್ಲಿ ಮೊದಲ ಸಲ ನೋಡಿದವರ ಮಾತನ್ನು ಮೊದಲು ಕೇಳುತ್ತೇನೆ. ನೋಡುವುದಾದರೆ ನೋಡಿ, ಆದರೆ ಅದಕ್ಕೂ ಮೊದಲು ಈಗಿನ ಅನಿಸಿಕೆಯನ್ನು ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಅರ್ಥವಾಗಲಿಲ್ಲ ಎಂಬ ಆರೋಪಕ್ಕೆ ಮಾತ್ರ ತಲೆ ಕೆಡಿಸಿಕೊಳ್ಳಬೇಡಿ. ಪೆಟ್ಟು ತಿಂದು ತಿಂದು ಮಂಪರು ಹಿಡಿದ ಮುಷ್ಟಿಕಾಳಗದವನ ಸ್ಥಿತಿಗೆ ಇಂಗ್ಲಿಷಿನಲ್ಲಿ ಇರುವ ಹೆಸರನ್ನೇ ಚಿತ್ರ ತನ್ನ ಶೀರ್ಷಿಕೆಯಲ್ಲಿ ಇಟ್ಟುಕೊಂಡಿದೆ. ನೋಡಿದವರು ಮಂಪರಿನಲ್ಲಿ ಹೊರಬಂದರೆ ಅವರಿಗೆ ಅರ್ಥವಾಗಿದೆ ಎಂದೇ ಲೆಕ್ಕ.

ಒಂದು ಮಾತನ್ನು ಮಾತ್ರ ಸಿನಿಮಾದ ಹೊರಗೆ ನಿಂತು ಹೇಳಬೇಕು. ತೆರೆಯ ಮೇಲೆ ಬ್ಯಾರಿಯ ಸಿಟ್ಟಿನಿಂದ ಲೀನಾಗೆ ಏನೂ ಆಗುವುದಿಲ್ಲವೆಂದು ಬರೆದವರಿಗೆ ಗೊತ್ತಿತ್ತು. ಮನೆಯಲ್ಲಿ ಹಾಗೆ ಬರೆದಿಟ್ಟವರು ಯಾರೂ ಇರುವುದಿಲ್ಲ. ಹೋಟೆಲಿನ ಮಾಣಿ ನೀರು ಚೆಲ್ಲಿದಾಗ, ರಸ್ತೆಯಲ್ಲಿ ಯಾರೋ ಗಾಡಿ ಅಡ್ಡ ತಂದಾಗ, ಮಾತಿನಲ್ಲಿ ಸೋತಾಗ ನಿಮ್ಮ ಹುಡುಗ ಹೇಗಿರುತ್ತಾರೆ ಎಂಬುದು ಅವರ ಮೆಚ್ಚಿನ ಸಿನಿಮಾಕ್ಕಿಂತ ಹೆಚ್ಚು ಹೇಳುತ್ತದೆ. ಅಂಥ ಹೊತ್ತಿನಲ್ಲಿ ವಸ್ತು ಎಸೆಯುವುದು, ಆಮೇಲೆ ನಾನಲ್ಲ ಎನ್ನುವುದು ಕಂಡರೆ, ಪ್ರೀತಿಯಿಂದ ಬದಲಾಗುತ್ತಾರೆ ಎಂದು ಕಾಯಬೇಡಿ. ಮನೆಯವರಿಗೆ ತಿಳಿಸಿ, ಮದುವೆಯನ್ನು ಮುಂದಕ್ಕೆ ಹಾಕಿ. ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಲು ಮದುವೆಯಾಗಿರಲೇಬೇಕೆಂದಿಲ್ಲ. ತಮ್ಮ ಸಿಟ್ಟು ತಮಗೇ ಹೆದರಿಕೆ ಹುಟ್ಟಿಸುತ್ತಿದೆ ಎನ್ನುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಅಲ್ಲಿ ಕನ್ನಡದಲ್ಲೇ ಮಾತಾಡಬಹುದು. ಬ್ಯಾರಿಯಂತೆ ಹಲ್ಲಿನ ಡಾಕ್ಟರನ್ನು ಹಿಡಿದು ಅಳಬೇಕಾಗಿಲ್ಲ. ನಿಮ್ಮ ಪತ್ರದಲ್ಲಿ ಅಂಥ ಸುಳಿವೇನೂ ನನಗೆ ಕಂಡಿಲ್ಲ ಎಂಬುದನ್ನೂ ಸ್ಪಷ್ಟವಾಗಿ ಹೇಳುತ್ತೇನೆ. ‘ಇವಂಗ ಯಾರು ಹೆಣ್ಣ ಕೊಡ್ತಾರವಾ?’ ಎಂದ ನಿಮ್ಮ ಅವ್ವನಿಗೆ ನನ್ನ ನಮಸ್ಕಾರ ತಿಳಿಸಿ, ಲೀನಾ ಕೇಳದೆ ಬಿಟ್ಟದ್ದನ್ನು ಅವರು ಕೇಳಿದ್ದಾರೆ.

ಇನ್ನು ನಿಮ್ಮ ಅಪ್ಪನವರ ಪ್ರಶ್ನೆ. ಆ ಪೇಟಿಯನ್ನು ಯಾರು, ಏಕೆ ಇಟ್ಟು ಹೋದರು ಎಂಬುದನ್ನು ಚಿತ್ರ ಕೊನೆಯವರೆಗೂ ಹೇಳುವುದಿಲ್ಲ. ಅದನ್ನು ಮೊದಲು ಪಿಯಾನೋ ಎಂದೇ ಕರೆಯುತ್ತಾರೆ, ಅಷ್ಟು ಅಪರಿಚಿತ ವಸ್ತು ಅದು ಅವರಿಗೆ. ನಮ್ಮ ಒಂದು ಪ್ರದರ್ಶನಕ್ಕೆ ನಾಟಕ ಕಂಪನಿಯಲ್ಲಿ ದುಡಿದು ವಯಸ್ಸಾದ ಪೇಟಿ ಮಾಸ್ತರರೊಬ್ಬರು ಬಂದಿದ್ದರು. ಪೇಟಿಗೆ ಗಾಳಿ ತುಂಬುವ ಹರಿದ ತಿದಿಗೆ ನಾಯಕ ಟೇಪು ಅಂಟಿಸುವ ದೃಶ್ಯ ಬಂದಾಗ ಅವರು ಮುಂದಕ್ಕೆ ಬಾಗಿ ನೋಡಿ, ‘ಶಾಣ್ಯಾ ಅದಾನ ಹುಡುಗ, ಮೊದಲ ತಿದಿ ನೋಡ್ಯಾನ’ ಎಂದರು. ತಿದಿಯಲ್ಲಿ ತೂತಿದ್ದರೆ ಗಾಳಿ ಸೋರಿ, ದನಿ ಹುಟ್ಟಿಸುವ ಲೋಹದ ರೀಡಿಗೆ ಒತ್ತಡ ಸಾಲದು, ದನಿ ನಡುವೆಯೇ ಸೊರಗುತ್ತದೆ. ಪೇಟಿಯ ಮನೆ (ಕೀಲಿ) ಒತ್ತಿ ಸ್ವರ ಹುಡುಕುವುದಕ್ಕೆ ಮೊದಲು ಅದನ್ನೇ ಸರಿಪಡಿಸಬೇಕು ಎಂದು ಅವರು ಆಮೇಲೆ ಹುಡುಗರಿಗೆ ಬಿಡಿಸಿ ಹೇಳಿದರು. ಅಪ್ಪನವರಿಗೆ ಇಡೀ ಚಿತ್ರ ನೋಡುವಷ್ಟು ತಾಳ್ಮೆ ಇಲ್ಲದಿದ್ದರೆ ಕೊನೆಯ ಎರಡು ನಿಮಿಷವನ್ನಾದರೂ ತೋರಿಸಿ. ಅವನು ಗೋದಾಮಿನಲ್ಲಿ ಕುಳಿತು ಅದೇ ಪೇಟಿಯನ್ನು ಬಾರಿಸುತ್ತಿರುತ್ತಾನೆ, ಲೀನಾ ಹಿಂದಿನಿಂದ ಬಂದು ಅವನ ಹೆಗಲು ಬಳಸಿ ನಿಲ್ಲುತ್ತಾಳೆ.